ಮೇಲ್ಮೈಗಿಂತ ಕರೋನಾ ಏಕೆ ಬಿಸಿ?

ಪ್ರಶ್ನೆ: ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಮಗಳು ಸೂರ್ಯನ ಕರೋನಾ ಕುರಿತ ಕಾರ್ಯಾಗಾರಕ್ಕೆ ಹೊರಟಿದ್ದಾಳೆ. ಸೂರ್ಯನ ಮೇಲ್ಮೈಗಿಂತ ಹೊರಗಿನ ಕರೋನಾ ನೂರಾರು ಪಟ್ಟು ಬಿಸಿ ಎನ್ನುತ್ತಾಳೆ. ಒಲೆಯಿಂದ ದೂರ ಸರಿದಷ್ಟೂ ಕಾವು ಕಡಿಮೆಯಾಗಬೇಕಲ್ಲವೇ? ಅಲ್ಲಿಯ ಉಷ್ಣತೆಯನ್ನು ಅಳೆದವರಾದರೂ ಯಾರು?
– ಓದುಗರು, ಸಾಗರ

ಉತ್ತರ: ನಿಮ್ಮ ಸಂಶಯ ಸಹಜವಾದದ್ದು. ವಿಜ್ಞಾನಿಗಳನ್ನೂ ಎಂಬತ್ತು ವರ್ಷಗಳಿಂದ ಕಾಡುತ್ತಿರುವುದು ಇದೇ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಸಂಪೂರ್ಣ ಗ್ರಹಣದಲ್ಲಿ ಬಿಳಿ ಪ್ರಭೆಯಾಗಿ ಕಾಣುವ ಕರೋನಾ ಹತ್ತು ಲಕ್ಷ ಡಿಗ್ರಿಯನ್ನೂ ಮೀರುತ್ತದೆ.

ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಅಲ್ಲಿಗೆ ಯಾರೂ ಉಷ್ಣಮಾಪಕ ಇಳಿಬಿಡಲಿಲ್ಲ. ಅಳತೆ ಸಿಕ್ಕಿದ್ದು ಬೆಳಕಿನಿಂದ. 1869ರ ಗ್ರಹಣದ ವೇಳೆ ಅಮೆರಿಕದ ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್‌ನೆಸ್ ಕರೋನಾದ ರೋಹಿತದಲ್ಲಿ ಒಂದು ಹಸಿರು ಗೆರೆಯನ್ನು ಕಂಡರು. ಅದರ ತರಂಗಾಂತರ 530.3 ನ್ಯಾನೊಮೀಟರ್. ಆಗ ಗೊತ್ತಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೊಸ ಧಾತುವೇ ಇರಬೇಕೆಂದು ‘ಕರೋನಿಯಂ’ ಎಂಬ ಹೆಸರನ್ನೂ ಇಟ್ಟುಬಿಟ್ಟರು! ಗುಟ್ಟು ಬಯಲಾಗಲು ಎಪ್ಪತ್ತು ವರ್ಷ ಬೇಕಾಯಿತು. ಜರ್ಮನಿಯ ವಾಲ್ಟರ್ ಗ್ರೋಟ್ರಿಯಾನ್ ಹಾಕಿಕೊಟ್ಟ ಜಾಡಿನಲ್ಲಿ ಸ್ವೀಡನ್ನಿನ ಬೆಂಟ್ ಎಡ್ಲೆನ್ 1940ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟಂತೆ, ಆ ಗೆರೆ ನಮ್ಮ ಕಬ್ಬಿಣದ್ದೇ. ಆದರೆ ಅದು ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ. ಕರೋನಾದಲ್ಲಿ ಪರಮಾಣು ಆ ಸ್ಥಿತಿಗೆ ಬರಬೇಕಾದರೆ ಲಕ್ಷಾಂತರ ಡಿಗ್ರಿ ಉಷ್ಣತೆ ಬೇಕೇ ಬೇಕು.

ಇನ್ನು ನಿಮ್ಮ ಒಲೆಯ ಮಾತು. ಶಾಖ ತಾನಾಗಿಯೇ ತಂಪಿನಿಂದ ಬಿಸಿಯ ಕಡೆಗೆ ಹರಿಯುವುದಿಲ್ಲ. ಈ ನಿಯಮ ಸೂರ್ಯನಿಗೂ ತಪ್ಪಿದ್ದಲ್ಲ. ಹಾಗಾಗಿ ಕರೋನಾಕ್ಕೆ ಶಕ್ತಿ ಮೇಲ್ಮೈಯ ಕಾವಿನಿಂದ ಬರುತ್ತಿಲ್ಲ, ಬೇರೆ ದಾರಿಯಲ್ಲಿ ಬರುತ್ತಿದೆ. ಮೇಲ್ಮೈಯಲ್ಲಿ ಪ್ಲಾಸ್ಮಾ ಸದಾ ಕುದಿಯುತ್ತಿರುತ್ತದೆ. ಒಂದೊಂದು ಗುಳ್ಳೆಯೂ ಸಾವಿರ ಕಿಲೋಮೀಟರ್ ಅಗಲ. ಅಲ್ಲಿಂದ ಮೇಲೆದ್ದ ಕಾಂತರೇಖೆಗಳ ಬುಡವನ್ನು ಈ ಕುದಿತ ಅಲುಗಾಡಿಸಿ, ತಿರುಚಿ, ಶಕ್ತಿಯನ್ನು ಮೇಲಕ್ಕೆ ಸಾಗಿಸುತ್ತದೆ. ಸೂರ್ಯ ಹೊರಸೂಸುವ ಶಕ್ತಿಯಲ್ಲಿ ಸಾವಿರಕ್ಕೊಂದು ಪಾಲೂ ಇದಕ್ಕೆ ಬೇಕಿಲ್ಲ.

ಇಲ್ಲಿಯವರೆಗೆ ತಕರಾರಿಲ್ಲ. ಆ ಶಕ್ತಿ ಮೇಲೆ ಹೋಗಿ ಶಾಖವಾಗುವುದು ಹೇಗೆ ಎಂಬಲ್ಲಿ ವಾದ ಶುರುವಾಗುತ್ತದೆ. ಕಾಂತರೇಖೆಗಳಲ್ಲಿ ಅಲೆಗಳು ಸಾಗಬಲ್ಲವೆಂದು ಹಾನೆಸ್ ಆಲ್ಫ್‌ವೆನ್ 1942ರಲ್ಲಿ ಹೇಳಿದ್ದರು. ಆ ಅಲೆಗಳು ಮೇಲೆ ಚದುರಿ ಶಾಖವಾಗುತ್ತವೆ ಎಂಬುದು ಒಂದು ಪಕ್ಷ. ಹೆಣೆದುಕೊಂಡ ರೇಖೆಗಳು ಹರಿದು ಮತ್ತೆ ಕೂಡುವಾಗ ಲೆಕ್ಕವಿಲ್ಲದಷ್ಟು ಪುಟ್ಟ ಸ್ಫೋಟಗಳು, ಅಂದರೆ ನ್ಯಾನೊಫ್ಲೇರ್‌ಗಳು, ಆಗುತ್ತವೆ ಎಂಬುದು 1988ರಲ್ಲಿ ಯೂಜೀನ್ ಪಾರ್ಕರ್ ಮುಂದಿಟ್ಟ ವಿವರಣೆ. ಎರಡೂ ನಡೆಯುತ್ತವೆ ಎಂದು ಈಗ ಹೆಚ್ಚಿನವರು ಒಪ್ಪುತ್ತಾರೆ. ಎಲ್ಲಿ, ಯಾವುದು, ಎಷ್ಟು ಎಂಬುದೇ ಕಾರ್ಯಾಗಾರಗಳ ಬಿಸಿ ಚರ್ಚೆ. ಕರೋನಾದ ಕಾಂತಕ್ಷೇತ್ರ ತೀರಾ ದುರ್ಬಲ, ಅದನ್ನು ಅಳೆಯುವುದೇ ಕಷ್ಟ. ಹಾಗಾಗಿ ಚರ್ಚೆ ಬೇಗ ಮುಗಿಯುವಂಥದ್ದಲ್ಲ.

ಒಂದು ಗೊಂದಲ ಇಲ್ಲೇ ನಿವಾರಿಸಿಬಿಡುತ್ತೇನೆ. ಹತ್ತು ಲಕ್ಷ ಡಿಗ್ರಿಯ ಕರೋನಾದೊಳಗೆ ನುಗ್ಗಿದ, ಪಾರ್ಕರ್ ಹೆಸರಿನ ಬಾಹ್ಯಾಕಾಶ ನೌಕೆ ಏಕೆ ಕರಗಲಿಲ್ಲ ಎಂದು ಹಲವರು ಕೇಳುತ್ತಾರೆ. 2024ರ ಡಿಸೆಂಬರ್ 24ರಂದು ಅದು ಸೂರ್ಯನಿಂದ ಕೇವಲ 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಉಷ್ಣತೆ ಎಂದರೆ ಕಣಗಳ ವೇಗ. ಶಾಖವೆಂದರೆ ಅವೆಲ್ಲ ಸೇರಿ ಕೊಡುವ ಒಟ್ಟು ಶಕ್ತಿ. ಕರೋನಾ ನಾವು ಉಸಿರಾಡುವ ಗಾಳಿಗಿಂತ ಸಾವಿರ ಕೋಟಿ ಪಟ್ಟಿಗೂ ಹೆಚ್ಚು ವಿರಳ. ಕಣಗಳು ವೇಗವಾಗಿವೆ, ಆದರೆ ಬೆರಳೆಣಿಕೆಯಷ್ಟು. ನೌಕೆಯ ಕವಚವನ್ನು ಕಾಯಿಸುವುದು ಮುಖ್ಯವಾಗಿ ಸೂರ್ಯನ ಬೆಳಕೇ.

ನಿಮ್ಮ ಮಗಳಿಗೊಂದು ಮಾತು. ಆ ಹಸಿರು ಗೆರೆಯನ್ನು ಈಗ ನೋಡುತ್ತಿರುವ ಉಪಕರಣಗಳಲ್ಲಿ ನಮ್ಮದೂ ಒಂದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ಹೊಸಕೋಟೆ ಆವರಣದಲ್ಲಿ ಜೋಡಿಸಿದ ವಿಇಎಲ್‌ಸಿ ಎಂಬ ಕರೋನಾದರ್ಶಕ, ಆದಿತ್ಯ-ಎಲ್1 ನೌಕೆಯಲ್ಲಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅದರ ದತ್ತಾಂಶ ಇಸ್ರೋದ ‘ಪ್ರದಾನ್’ ಜಾಲತಾಣದಲ್ಲಿ ದೊರೆಯುತ್ತದೆ. ಕಾರ್ಯಾಗಾರಕ್ಕೆ ಹೊರಡುವ ಮೊದಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಸ್ವಲ್ಪ ಕಲಿತು, ಅದರಲ್ಲೊಂದಷ್ಟನ್ನು ತೆರೆದು ನೋಡಲು ಹೇಳಿ. ಅಲ್ಲಿಯ ಪಾಠಗಳು ಹೆಚ್ಚು ಹತ್ತುತ್ತವೆ.