ಅಕ್ಷರದ ಅಂದ: ಕೈಬರಹದ ಮೂಲಪಾಠಗಳು

ಅಕ್ಷರ ಬಲ್ಲವಳೆಂದರೆ ಓದಬಲ್ಲವಳು ಮಾತ್ರವಲ್ಲ. ಇನ್ನೊಬ್ಬರು ತಡೆಯಿಲ್ಲದೆ ಓದುವಂತೆ ಬರೆಯಬಲ್ಲವಳೂ ಹೌದು. ಮೊಬೈಲಿನ ಮೇಲೆ ಬೆರಳಿನಿಂದ ಅಕ್ಷರಗಳನ್ನೊತ್ತುವ ಈ ದಿನಗಳಲ್ಲಿ ಕೈಬರಹಕ್ಕೆ ಇಷ್ಟು ಹೊತ್ತು ಯಾತಕ್ಕೆಂದು ಕೆಲವು ಪೋಷಕರು ನಮ್ಮನ್ನು ಕೇಳುವದುಂಟು. ಪ್ರಶ್ನೆಯು ನ್ಯಾಯವಾದದ್ದೇ. ಆದಕಾರಣ ನಾವು ತರಗತಿಯಲ್ಲಿ ಕಲಿಸುವ ಕೆಲವು ಮೂಲಪಾಠಗಳನ್ನು ಇಲ್ಲಿ ವಿವರಿಸಲಿಚ್ಛಿಸುತ್ತೇವೆ.

ಕನ್ನಡದ ಅಕ್ಷರಗಳು ದುಂಡಗಿರುವದೇಕೆ? ಪೂರ್ವಿಕರು ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಆ ಗೀರುಗಳಿಗೆ ಮಸಿಯನ್ನು ತುಂಬುತ್ತಿದ್ದರು. ಗರಿಯ ನಾರಿನ ಉದ್ದಕ್ಕೂ ನೆಟ್ಟಗೆ ಗೀರಿದರೆ ಗರಿಯು ಸೀಳುವದು; ಬಳಸಿ ತಿರುಗಿಸಿದರೆ ಉಳಿಯುವದು. ದುಂಡುತನಕ್ಕೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುವರು. ಆದುದರಿಂದ ಮಗುವಿನ ಕೈಗೆ ಮೊದಲು ಬೇಕಾದದ್ದು ತುಂಬಿದ ಸುತ್ತು. ರ, ಗ, ಸ, ದ ಎಂಬ ಸುಲಭ ರೂಪಗಳಿಂದ ಪ್ರಾರಂಭಿಸುವದು ಈ ಕಾರಣದಿಂದಲೇ.

ಎರಡನೆಯದಾಗಿ, ನಮ್ಮ ಬರಹವು ಮೂರು ಅಂತಸ್ತಿನ ಮನೆಯಂತಿದೆ. ನಡುವೆ ಅಕ್ಷರದ ಒಡಲು, ಮೇಲೆ ತಲಕಟ್ಟು, ಗುಡಿಸು, ಏತ್ವ, ಕೆಳಗೆ ಒತ್ತಕ್ಷರ. ಒಡಲು ಎರಡು ಗೆರೆಗಳ ನಡುವೆ ನಿಲ್ಲತಕ್ಕದ್ದು. ಸಾಲುಗಳ ನಡುವೆ ಸಾಕಷ್ಟು ಸ್ಥಳ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಎರಡೂ ಕೆಡುವವು.

ಮೂರನೆಯದಾಗಿ, ಸಣ್ಣ ಗೀಟನ್ನು ಅಲಕ್ಷ್ಯಮಾಡಕೂಡದು. ಕೆಳಗಣ ಒಂದು ಸೀಳಿನಿಂದ ದನವು ಧನವಾಗುವದು. ಒಂದು ಬಾಲದಿಂದ ವರವು ಮರವಾಗುವದು. ವಕಾರದ ಮಗ್ಗುಲಲ್ಲಿ ಕೊಂಬು ಕೊಟ್ಟರೆ ಮಕಾರದಂತೆ ಕಾಣುವದರಿಂದಲೇ ಪು, ವು ಎಂಬಲ್ಲಿ ಕೊಂಬನ್ನು ಕೆಳಗಿಳಿಸಿ ಬರೆಯುವರು. ಓದುವವರಿಗೆ ಸಂದೇಹ ಬಾರದಿರಲೆಂಬ ದಯೆಯೇ ಈ ನಿಯಮದ ಮೂಲ.

ನಾಲ್ಕನೆಯದಾಗಿ, ಶೀರ್ಷಿಕೆಗಳನ್ನು ಬರೆಯುವಾಗ ತುದಿಯನ್ನು ಅಗಲವಾಗಿ ಕತ್ತರಿಸಿದ ಬಿದಿರಿನ ಲೆಕ್ಕಣಿಕೆಯನ್ನು ಕೊಡುತ್ತೇವೆ. ಅದನ್ನು ಒಂದೇ ಓರೆಯಲ್ಲಿ ಹಿಡಿದು ನಡೆಸಿದರೆ ದಪ್ಪವೂ ಸಣ್ಣವೂ ತಾವಾಗಿಯೇ ಮೂಡುವವು, ಒತ್ತುವ ಅಗತ್ಯವಿಲ್ಲ. ಅಕ್ಷರಗಳ ನಡುವಣ ಬಿಳಿಯನ್ನು ಅಳತೆಗೋಲಿನಿಂದಲ್ಲ, ಕಣ್ಣಿನಿಂದ ಸಮಮಾಡಬೇಕು.

ಅಚ್ಚಿನ ಕಥೆಯೂ ಇದನ್ನೇ ಸಾರುತ್ತದೆ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಹೆರ್ಮನ್ ಮೋಗ್ಲಿಂಗರ "ಮಂಗಳೂರ ಸಮಾಚಾರ" ಪತ್ರಿಕೆಯು 1843ರಲ್ಲಿ ಅಲ್ಲಿಯೇ ಹೊರಟಿತು. ಕಲ್ಲಚ್ಚಿನಲ್ಲಿ ಬರೆಯುವವನ ಕೈಯೇ ಕಾಗದದ ಮೇಲೆ ಮೂಡುವದು. ಅವನ ಬರಹ ಕೆಟ್ಟರೆ ಪತ್ರಿಕೆಯೆಲ್ಲವೂ ಕೆಟ್ಟಂತೆ. 1844ರಲ್ಲಿ ಪತ್ರಿಕೆಯನ್ನು ಬಳ್ಳಾರಿಗೊಯ್ದು ಅಚ್ಚುಮೊಳೆಗಳಿಂದ ಮುದ್ರಿಸಿದರು. ಗುಣಿತಗಳಿಗೂ ಒತ್ತುಗಳಿಗೂ ಬೇರೆಬೇರೆ ಮೊಳೆಗಳು ಬೇಕಾಗುವದರಿಂದ ಕನ್ನಡದ ಮೊಳೆಗಳನ್ನು ಜೋಡಿಸುವದು ಇಂಗ್ಲಿಷಿಗಿಂತ ಬಹಳ ಪ್ರಯಾಸದ ಕೆಲಸ. ಹಾಗಿದ್ದರೂ ಕಿಟ್ಟೆಲರ ಮಹಾ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು. 1991ರಲ್ಲಿ ಯೂನಿಕೋಡ್ ಎಂಬ ಏರ್ಪಾಡು ನಮ್ಮ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟಿತು. ಆದರೆ ಸಂಖ್ಯೆಯು ರೂಪವನ್ನು ಕೊಡಲಾರದು. ಗಣಕಯಂತ್ರದ ಅಕ್ಷರಕ್ಕೂ ಅಂದವನ್ನು ಕೊಡುವವರು ಸುತ್ತಿನ ಮರ್ಮವನ್ನರಿತ ಮನುಷ್ಯರೇ.

ಪೋಷಕರು ಇನ್ನೊಂದು ಸಂಗತಿಯನ್ನೂ ಆಲೋಚಿಸಬೇಕು. ಹೆಬ್ಬೆಟ್ಟೊತ್ತಿದ ಅಜ್ಜಿಯರ ಮೊಮ್ಮಕ್ಕಳು ನಮ್ಮ ಶಾಲೆಯಲ್ಲಿ ಈಗಲೂ ಇದ್ದಾರೆ. ಮುಂದೆ ಆಸ್ತಿಯ ಪತ್ರವೋ ಸಾಲದ ಪತ್ರವೋ ಎದುರಿಗೆ ಬಂದಾಗ, ಒಂದೊಂದು ಗೀಟನ್ನೂ ಗುರುತಿಸಿ ಓದಿ, ಸ್ವಹಸ್ತದಿಂದ ರುಜು ಹಾಕಬಲ್ಲ ಹೆಣ್ಣುಮಗಳನ್ನು ಯಾರೂ ಸುಲಭವಾಗಿ ವಂಚಿಸಲಾರರು. ಗೀಟನ್ನು ತಾನೇ ಸಾವಿರ ಸಾರಿ ಎಳೆದ ಕೈಯುಳ್ಳವಳ ಕಣ್ಣು ಅದನ್ನು ತಪ್ಪದೆ ಕಾಣುವದು. ಆದಕಾರಣ ಕೈಬರಹವನ್ನು ನಾವು ಬರಿಯ ಅಲಂಕಾರವೆಂದೆಣಿಸುವದಿಲ್ಲ.

ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿನಂತಿಯಿಷ್ಟೇ: ದಿನಕ್ಕೆ ಕಾಲು ತಾಸು, ಎರಡು ಗೆರೆಯ ಪುಸ್ತಕದಲ್ಲಿ ಹತ್ತು ಸಾಲುಗಳನ್ನು ಮಗಳಿಂದ ನಿಧಾನವಾಗಿ ಬರೆಯಿಸಿರಿ. ಬಳಿಕ ಅದನ್ನು ಅವಳಲ್ಲ, ಮನೆಯ ಇನ್ನೊಬ್ಬರು ಗಟ್ಟಿಯಾಗಿ ಓದಲಿ. ಅವರು ಎಲ್ಲಿ ತಡವರಿಸುವರೋ ಅದೇ ಮರುದಿನದ ಪಾಠ.