ವಿಮಾ ಕಂಪನಿಯಲ್ಲಿ ಮೇಲೇರಬೇಕೆ? ರಿಸ್ಕ್‌ಗೆ ಲೆಕ್ಕ ಹಾಕುವುದನ್ನು ಕಲಿಯಿರಿ: 7 ಸೂತ್ರಗಳು

ವಿಮಾ ಕಂಪನಿಯಲ್ಲಿ ಪಾಲಿಸಿ ಮಾರುವವರಿಗೆ ಬರವಿಲ್ಲ. ‘ಇಷ್ಟು ಪಾಲಿಸಿ ಮಾರಿದರೆ ನಮ್ಮ ಬಂಡವಾಳ ತಾಳಿಕೊಳ್ಳುತ್ತದೆಯೇ?’ ಎಂಬ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಕೊಡಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಆ ಸಾಲಿಗೆ ಸೇರಿ. ಹೇಗೆ? ಇಲ್ಲಿದೆ ದಾರಿ.

1. ಮೊದಲು 150 ಅರ್ಥ ಮಾಡಿಕೊಳ್ಳಿ
ಹೊಣೆಗಳನ್ನೆಲ್ಲ ಕಳೆದ ಮೇಲೆ ಕಂಪನಿಯ ಬಳಿ ಉಳಿಯುವ ಆಸ್ತಿ ಎಷ್ಟು? ನಿಯಮದ ಪ್ರಕಾರ ಇರಬೇಕಾದ ಮಾರ್ಜಿನ್ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಅದೇ ಸಾಲ್ವೆನ್ಸಿ ರೇಷಿಯೋ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಕೇಳುವ ಕನಿಷ್ಠ ಮಟ್ಟ ಶೇ 150. ಮಾರ್ಜಿನ್ 1,000 ಕೋಟಿ ರೂಪಾಯಿ ಎಂದು ಬಂದರೆ ಕೈಯಲ್ಲಿ 1,500 ಕೋಟಿ ಇರಬೇಕು. ನಿಮ್ಮ ಕಂಪನಿಯ ವೆಬ್‌ಸೈಟಿನ ಪಬ್ಲಿಕ್ ಡಿಸ್‌ಕ್ಲೋಷರ್ಸ್ ತೆರೆಯಿರಿ, ರೇಷಿಯೋ ಅಲ್ಲೇ ಇದೆ.

2. ಟಾರ್ಗೆಟ್ ಜೊತೆಗೆ ಬಂಡವಾಳವನ್ನೂ ಕೇಳಿ
ವಿಮಾ ಕಂಪನಿ ಶುರು ಮಾಡಲು ಕನಿಷ್ಠ 100 ಕೋಟಿ ರೂಪಾಯಿ ಪೇಡ್-ಅಪ್ ಕ್ಯಾಪಿಟಲ್ ಸಾಕು. ಆದರೆ ವ್ಯವಹಾರ ಬೆಳೆದಂತೆ ಬೇಕಾಗುವ ಮಾರ್ಜಿನ್ನೂ ಬೆಳೆಯುತ್ತದೆ. ಜನರಲ್ ಇನ್ಶೂರೆನ್ಸ್‌ನಲ್ಲಿ ಸ್ಥೂಲ ಲೆಕ್ಕ ಇದು: ಪ್ರೀಮಿಯಂನ ಶೇ 20 ಅಥವಾ ಕ್ಲೇಮ್‌ಗಳ ಶೇ 30, ಯಾವುದು ಹೆಚ್ಚೋ ಅದು. ಸೇಲ್ಸ್ ಮೀಟಿಂಗ್‌ನಲ್ಲಿ ಈ ಲೆಕ್ಕ ಮುಂದಿಡಿ. ಬಂಡವಾಳವಿಲ್ಲದ ಬೆಳವಣಿಗೆ ಕಂಪನಿಯನ್ನೇ ಮುಳುಗಿಸುತ್ತದೆ.

3. ನಾಳೆಯ ನಿಯಮವನ್ನು ಇವತ್ತೇ ಓದಿ
ಪ್ರೀಮಿಯಂ, ಕ್ಲೇಮ್ ಆಧರಿಸಿದ ಸೂತ್ರಕ್ಕೆ ಹೂಡಿಕೆಯ ರಿಸ್ಕ್ ಸರಿಯಾಗಿ ಕಾಣುವುದಿಲ್ಲ. ಯುರೋಪಿಯನ್ ಯೂನಿಯನ್ 2016ರ ಜನವರಿಯಿಂದ ಸಾಲ್ವೆನ್ಸಿ 2 ಎಂಬ ನಿಯಮಗಳನ್ನು ಜಾರಿಗೆ ತಂದಿತು. 200 ವರ್ಷಕ್ಕೊಮ್ಮೆ ಬರುವಂಥ ನಷ್ಟ ಮುಂದಿನ ಒಂದೇ ವರ್ಷದಲ್ಲಿ ಬಂದರೂ ಕಂಪನಿ ನಿಲ್ಲಬೇಕು ಎಂಬುದು ಅದರ ಅಳತೆ. ಐಆರ್‌ಡಿಎಐ ಕೂಡ ರಿಸ್ಕ್ ಬೇಸ್ಡ್ ಕ್ಯಾಪಿಟಲ್ ಕಡೆಗೆ ಹೊರಟಿದೆ. ಮೊದಲೇ ಕಲಿತವರನ್ನು ಆಗ ಹುಡುಕಿಕೊಂಡು ಬರುತ್ತಾರೆ.

4. ರಿಸರ್ವ್ ಅನ್ನು ಅನುಮಾನಿಸಿ
ಲಾಭ ಚೆನ್ನಾಗಿ ಕಂಡಾಗ ಮೊದಲು ರಿಸರ್ವ್ ನೋಡಿ. ಆಸ್ಟ್ರೇಲಿಯಾದ ಎಚ್‌ಐಎಚ್ ಇನ್ಶೂರೆನ್ಸ್ 2001ರಲ್ಲಿ ಕುಸಿಯಿತು. ಮುಂದೆ ಬರಲಿರುವ ಕ್ಲೇಮ್‌ಗಳಿಗೆ ಸಾಕಷ್ಟು ಹಣ ತೆಗೆದಿಡದೇ ಇದ್ದದ್ದು ಮುಖ್ಯ ಕಾರಣ. ಘಟನೆ ನಡೆದಿದೆ, ಕ್ಲೇಮ್ ಇನ್ನೂ ಬಂದಿಲ್ಲ. ಅಂಥ ಮೊತ್ತಕ್ಕೆ ಐಬಿಎನ್‌ಆರ್ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕುವ ಚೈನ್ ಲ್ಯಾಡರ್ ವಿಧಾನವನ್ನು ಎಕ್ಸೆಲ್‌ನಲ್ಲಿ ನೀವೇ ಮಾಡಿ ನೋಡಿ.

5. ಒಂದೇ ಊರಿನಲ್ಲಿ ರಿಸ್ಕ್ ಪೇರಿಸಬೇಡಿ
1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾಗೆ ಅಪ್ಪಳಿಸಿತು. ಹಲವು ವಿಮಾ ಕಂಪನಿಗಳು ದಿವಾಳಿಯಾದವು. ಪಾಲಿಸಿಗಳನ್ನು ಪಿನ್‌ಕೋಡ್ ಪ್ರಕಾರ ವಿಂಗಡಿಸಿ. ರೀಇನ್ಶೂರೆನ್ಸ್ ಟ್ರೀಟಿ ಓದಿ. ಎಷ್ಟು ನಷ್ಟದವರೆಗೆ ನಾವು ಹೊರಬೇಕು, ಎಲ್ಲಿಂದ ರೀಇನ್ಶೂರರ್ ಹೊರುತ್ತಾರೆ ಎಂದು ಗುರುತಿಸಿ. ರೀಇನ್ಶೂರರ್‌ನ ರೇಟಿಂಗನ್ನೂ ನೋಡಿ. ಕೊಡುವವರೇ ಸೋತರೆ ಹೊರೆ ಮತ್ತೆ ನಿಮ್ಮ ಮೇಲೆಯೇ.

6. ಕ್ಯಾಶ್ ಬೇರೆ, ಕ್ಯಾಪಿಟಲ್ ಬೇರೆ
2008ರ ಸೆಪ್ಟೆಂಬರ್‌ನಲ್ಲಿ ವಿಮಾ ಕಂಪನಿ ಎಐಜಿಗೆ ಅಮೆರಿಕದ ಫೆಡರಲ್ ರಿಸರ್ವ್ 8,500 ಕೋಟಿ ಡಾಲರ್ ಸಾಲದ ಆಸರೆ ಕೊಡಬೇಕಾಯಿತು. ಪೆಟ್ಟು ಬಿದ್ದದ್ದು ಮಾಮೂಲಿ ಪಾಲಿಸಿಗಳಿಂದಲ್ಲ. ಕ್ರೆಡಿಟ್ ಡಿಫಾಲ್ಟ್ ಸ್ವಾಪ್ ವ್ಯವಹಾರ ಮತ್ತು ಸೆಕ್ಯುರಿಟೀಸ್ ಲೆಂಡಿಂಗ್ ಏಕಕಾಲಕ್ಕೆ ನಗದು ಕೇಳಿದವು. ನಿಮ್ಮ ಕಂಪನಿಯಲ್ಲಿ ಯಾರೂ ತಲೆಕೆಡಿಸಿಕೊಳ್ಳದ ವಿಭಾಗ ಯಾವುದು? ಮೊದಲು ಅದರ ಫೈಲ್ ಓದಿ. ಒಂದೇ ದಿನ ಅದು ಎಷ್ಟು ನಗದು ಕೇಳಬಹುದು ಎಂದು ಬರೆದಿಡಿ.

7. ‘ನನಗೆ ಗಣಿತ ಆಗಲ್ಲ’ ಎನ್ನುವುದನ್ನು ಬಿಡಿ
ಅದು ಬರೀ ಅಭ್ಯಾಸಬಲ. ಬದಲಾಯಿಸಿ. ದಿನಕ್ಕೆ ಅರ್ಧ ಗಂಟೆ ಪ್ರೊಬೆಬಿಲಿಟಿ ಓದಿ. ಪಿಯುಸಿ ಮುಗಿದಿದ್ದರೆ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾದ ಎಸಿಇಟಿ ಪ್ರವೇಶ ಪರೀಕ್ಷೆಗೆ ಕೂರಿ. ಕೆಲಸದಲ್ಲಿದ್ದರೆ ಒಂದು ಪುಟದ ಸ್ಟ್ರೆಸ್ ಟೆಸ್ಟ್ ತಯಾರಿಸಿ: ಕ್ಲೇಮ್ ಶೇ 25 ಏರಿದರೆ, ಷೇರು ಮಾರುಕಟ್ಟೆ ಶೇ 30 ಬಿದ್ದರೆ ನಮ್ಮ ರೇಷಿಯೋ ಎಲ್ಲಿಗೆ ಇಳಿಯುತ್ತದೆ? ಶುಕ್ರವಾರದೊಳಗೆ ಅದನ್ನು ಮ್ಯಾನೇಜರ್‌ಗೆ ಕಳಿಸಿ. ಮುಂದಿನ ಮೀಟಿಂಗ್‌ಗೆ ನಿಮ್ಮನ್ನೂ ಕರೆಯುತ್ತಾರೆ.