ನೋವಿಗೆ ಮುಂಚಿನ ದಂತಪರೀಕ್ಷೆ



ಹಲ್ಲು ನೋಯುವ ತನಕ ದಂತವೈದ್ಯರ ಬಳಿಗೆ ಹೋಗಬೇಕಾಗಿಲ್ಲವೆಂದು ನಮ್ಮಲ್ಲಿ ಅನೇಕರು ಎಣಿಸಿರುವರು. ಆದರೆ ಹಲ್ಲಿನ ಹೊರಕವಚದಲ್ಲಿ ನರಗಳಿಲ್ಲ. ಆದಕಾರಣ ಹುಳುಕು ಆರಂಭವಾದಾಗ ನೋವು ತೋರದು. ನೋವು ತೋರುವ ವೇಳೆಗೆ, ಸಣ್ಣ ತುಂಬಿಕೆಯಿಂದ ಉಳಿಯುತ್ತಿದ್ದ ಹಲ್ಲನ್ನು ಕೀಳಿಸಬೇಕಾಗಿ ಬರಬಹುದು.

ಪರೀಕ್ಷೆಯ ಕ್ರಮವನ್ನು ಅರಿತವರಿಗೆ ಅಂಜಿಕೆ ಕಡಿಮೆ. ವೈದ್ಯರು ಮೊದಲು ಸಕ್ಕರೆ ಕಾಯಿಲೆ, ಸೇವಿಸುತ್ತಿರುವ ಔಷಧಗಳು, ಗರ್ಭಾವಸ್ಥೆ ಮುಂತಾದುವನ್ನು ವಿಚಾರಿಸುವರು, ಯಾವುದನ್ನೂ ಮರೆಮಾಚಬಾರದು. ಬಳಿಕ ಪುಟ್ಟ ಕನ್ನಡಿಯಿಂದ ಒಂದೊಂದು ಹಲ್ಲನ್ನೂ ನೋಡಿ, ಗೆರೆಗಳುಳ್ಳ ಸಣ್ಣ ಕಡ್ಡಿಯಿಂದ ಒಸಡಿನ ಸಂದನ್ನು ಅಳೆಯುವರು. ಆಳವು 3 ಮಿಲಿಮೀಟರಿನೊಳಗಿದ್ದು ರಕ್ತ ಒಸರದಿದ್ದರೆ ಸಾಮಾನ್ಯವಾಗಿ ಒಸಡು ಆರೋಗ್ಯವಾಗಿದೆಯೆಂದರ್ಥ. ನಾಲಿಗೆಯ ಅಡಿ ಮತ್ತು ಕೆನ್ನೆಯ ಒಳಭಾಗಗಳಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆಗಳುಂಟೋ ಎಂಬುದನ್ನೂ ಶೋಧಿಸುವರು. ಅಡಿಕೆ, ಹೊಗೆಸೊಪ್ಪುಗಳ ರೂಢಿಯುಳ್ಳ ಹಿರಿಯರಿಗೆ ಇದು ಅತ್ಯಗತ್ಯ. ಬಾಯಿಯ ಕ್ಯಾನ್ಸರು ಆರಂಭದಲ್ಲಿ ನೋಯದೆ ಇರಬಹುದು. ಹಲ್ಲುಗಳ ನಡುವೆ ಅಡಗಿದ ಹುಳುಕನ್ನು ತಿಳಿಯಲು ಅವಶ್ಯವಿದ್ದರೆ ಎಕ್ಸ್-ರೇ ತೆಗೆಸುವರು.

ಹಲ್ಲು ಶುಚಿಮಾಡಿಸಿದರೆ ಸಡಿಲವಾಗುವುದೆಂಬ ಮಾತು ನಿಜವಲ್ಲ. ಗಟ್ಟಿಗಟ್ಟಿದ ಪಾಚಿಯೇ ಒಸಡನ್ನು ಕೆಡಿಸಿ ಹಲ್ಲನ್ನು ಸಡಿಲಿಸುವುದು. ಅದನ್ನು ತೆಗೆದಾಗ ಮೊದಲೇ ಆಗಿದ್ದ ಹಾನಿ ಕಣ್ಣಿಗೆ ಬೀಳುವುದು, ಅಷ್ಟೇ.

ತಾಯಂದಿರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಮಗುವಿಗೆ ಸುಮಾರು 6 ವರ್ಷವಾದಾಗ, ಇಪ್ಪತ್ತು ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕು ದವಡೆಹಲ್ಲುಗಳು ಮೂಡುವುವು. ಇವನ್ನು ಹಾಲುಹಲ್ಲುಗಳೆಂದು ಭ್ರಮಿಸಿ ಉದಾಸೀನ ಮಾಡುವುದುಂಟು. ಆದರೆ ಇವು ಶಾಶ್ವತವಾದವು. ಹೋದರೆ ಮತ್ತೆ ಹುಟ್ಟವು. ಇವುಗಳ ಆಳವಾದ ಗೀರುಗಳಲ್ಲಿ ಹುಳುಕು ಬೇಗ ಹತ್ತುವುದು. ಸಕಾಲದಲ್ಲಿ ತೋರಿಸಿದರೆ ವೈದ್ಯರು ಆ ಗೀರುಗಳನ್ನು ನೋವಿಲ್ಲದೆ ಲೇಪದಿಂದ ಮುಚ್ಚಬಲ್ಲರು.

ಸಾರಕ್ಕಿಯವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಸಮೀಪದ ಜಯಪ್ರಕಾಶ ನಗರದಲ್ಲಿ ಆರ್.ವಿ. ದಂತ ಮಹಾವಿದ್ಯಾಲಯವಿದೆ, ಕೋಟೆ ಪ್ರದೇಶದಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ಮಹಾವಿದ್ಯಾಲಯವಿದೆ. ಇಂತಹ ಸ್ಥಳಗಳಲ್ಲಿ ವಿದ್ಯಾರ್ಥಿಗಳು ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಪರೀಕ್ಷಿಸುವುದರಿಂದ ಹೊತ್ತು ಹೆಚ್ಚು ಹಿಡಿಯಬಹುದು, ತಾಳ್ಮೆ ಬೇಕು.

ಮುಂದಿನ ಪರೀಕ್ಷೆ ಎಂದು ಎಂಬುದನ್ನು ವೈದ್ಯರಿಂದಲೇ ಕೇಳಿ ಬರೆದಿಟ್ಟುಕೊಳ್ಳಿರಿ. ಹಠಮಾಡುವ ಮಗುವನ್ನು ದಂತವೈದ್ಯರ ಹೆಸರು ಹೇಳಿ ಹೆದರಿಸಬೇಡಿರಿ. ನೋವಿಲ್ಲದ ದಿನ ಮೊದಲ ಬಾರಿ ಆ ಕುರ್ಚಿಯಲ್ಲಿ ಕುಳಿತ ಮಗು, ಎರಡನೆಯ ಬಾರಿ ತಾನಾಗಿಯೇ ಬಾಯಿ ತೆರೆಯುವುದು.